ಲೆನಿನ್‌ಗ್ರಾಡ್ ಸಿಂಫನಿ: ಮೊದಲು ಹೊತ್ತು ಮೆರೆಸಿದರು, ಆಮೇಲೆ ಬೈದರು, ಈಗ ಮತ್ತೆ ಹೊಗಳುತ್ತಾರೆ. ಯಾಕೆ?

ಚೆಲ್ಲೋಪ್ರಿಯ

ರಷ್ಯನ್ ಸಂಯೋಜಕ ಶೋಸ್ತಕೋವಿಚ್ ಅವರ 7ನೇ ಸಿಂಫನಿಯನ್ನು ಈಚೆಗೆ ಪೂರ್ತಿ ಕೂತು ಕೇಳಿದೆ. ಲೆನಿನ್‌ಗ್ರಾಡ್ ಅಂತ ಕರೆಯುತ್ತಾರಲ್ಲ, ಅದೇ. ಆಮೇಲೆ ಒಂದಿಷ್ಟು ವಿಮರ್ಶೆ ಓದಿದೆ, ತಲೆ ಕೆಟ್ಟುಹೋಯಿತು. 1942ರಲ್ಲಿ ಇದು ಇಡೀ ಲೋಕದ ಸುದ್ದಿ. ಯುದ್ಧ ಮುಗಿದದ್ದೇ ತಡ, ಪಶ್ಚಿಮದ ವಿಮರ್ಶಕರ ಪಾಲಿಗೆ ಬರೀ ಪ್ರಚಾರದ ಸರಕು, ಸದ್ದು ಜಾಸ್ತಿ ಸತ್ವ ಕಮ್ಮಿ. 1980ರ ಈಚೆಗೆ ನೋಡಿದರೆ ಅದೇ ಕೃತಿ ಸ್ಟಾಲಿನ್ ಮೇಲಿನ ಗುಟ್ಟಾದ ದೂರು! ಸ್ಕೋರ್‌ನಲ್ಲಿ (ಬರೆದಿಟ್ಟ ಸ್ವರಲಿಪಿಯಲ್ಲಿ) ಒಂದು ಸ್ವರವೂ ಆಚೀಚೆ ಆಗಿಲ್ಲ ಅಲ್ವಾ? ತಿಳಿದವರು ಬಿಡಿಸಿ ಹೇಳಿ.

ಹಳೇ ರೆಕಾರ್ಡು

ಒಳ್ಳೆ ಪ್ರಶ್ನೆ. 1942ರಿಂದಲೇ ಶುರು ಮಾಡೋಣ, ಯಾಕಂದ್ರೆ ಆ ವರ್ಷದ ಗದ್ದಲ ತಿಳಿಯದೆ ಆಮೇಲಿನ ಬೈಗುಳ ಅರ್ಥ ಆಗುವುದಿಲ್ಲ.

ಶೋಸ್ತಕೋವಿಚ್ 1941ರ ಜುಲೈನಲ್ಲಿ ಲೆನಿನ್‌ಗ್ರಾಡ್‌ನಲ್ಲೇ, ಅಂದರೆ ಈಗಿನ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲೇ, ಇದನ್ನು ಬರೆಯಲು ಕೂತರು. ಸೆಪ್ಟೆಂಬರ್ 8ಕ್ಕೆ ಜರ್ಮನ್ ಸೇನೆಯ ಮುತ್ತಿಗೆ ಬಿಗಿಯಾಯಿತು. 17ರಂದು ರೇಡಿಯೊದಲ್ಲಿ ಮಾತಾಡಿ, ಹೊಸ ಸಿಂಫನಿಯ ಎರಡು ಭಾಗ ಮುಗಿದಿದೆ ಎಂದು ಊರಿಗೆಲ್ಲ ಹೇಳಿದರು. ಅಂದರೆ ಕೃತಿ ಮುಗಿಯುವ ಮೊದಲೇ ಸುದ್ದಿಯಾಯಿತು. ಅಕ್ಟೋಬರ್ 1ರಂದು ಸರ್ಕಾರ ಅವರನ್ನು ವಿಮಾನದಲ್ಲಿ ಹೊರಗೆ ಕಳಿಸಿತು. ಡಿಸೆಂಬರ್ 27ರಂದು ಕೂಯಿಬಿಶೆವ್‌ನಲ್ಲಿ, ಅಂದರೆ ಈಗಿನ ಸಮಾರಾದಲ್ಲಿ, ಬರೆದು ಮುಗಿಸಿದರು. 1942ರ ಮಾರ್ಚ್ 5ರಂದು ಅಲ್ಲೇ ಮೊದಲ ಪ್ರದರ್ಶನ. ಬಾಲ್ಶಾಯ್ ಥಿಯೇಟರಿನ ವಾದ್ಯವೃಂದ, ನಡೆಸಿದವರು ಸಮಸೂದ್.

ಇಲ್ಲಿಂದ ಮುಂದಿನದು ಪತ್ತೇದಾರಿ ಕಥೆ. ಸ್ಕೋರನ್ನು ಮೈಕ್ರೋಫಿಲ್ಮ್ ಮಾಡಿ ಟೆಹರಾನ್, ಕೈರೋ ದಾರಿಯಲ್ಲಿ ಪಶ್ಚಿಮಕ್ಕೆ ಸಾಗಿಸಿದರು. ಜೂನ್‌ನಲ್ಲಿ ಲಂಡನ್‌ನಲ್ಲಿ ಹೆನ್ರಿ ವುಡ್ ನುಡಿಸಿದರು. ಅಮೆರಿಕದಲ್ಲಿ ಮೊದಲು ಯಾರು ನುಡಿಸಬೇಕು ಅಂತ ತೊಸ್ಕನೀನಿ, ಸ್ಟೊಕೋವ್‌ಸ್ಕಿ, ಕುಸೆವಿಟ್ಸ್‌ಕಿ ಅನ್ನುವ ಮೂವರು ಕಂಡಕ್ಟರ್‌ಗಳ (ವಾದ್ಯವೃಂದ ನಡೆಸುವವರ) ನಡುವೆ ಪೈಪೋಟಿಯೇ ನಡೆಯಿತು. ಗೆದ್ದವರು ತೊಸ್ಕನೀನಿ. ಜುಲೈ 19ರಂದು ಎನ್‌ಬಿಸಿ ರೇಡಿಯೊದಲ್ಲಿ ಪ್ರಸಾರ ಆಯಿತು. ಅದೇ ಹೊತ್ತಿಗೆ ಬಂದ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಶೋಸ್ತಕೋವಿಚ್, ತಲೆ ಮೇಲೆ ಅಗ್ನಿಶಾಮಕ ದಳದ ಹೆಲ್ಮೆಟ್!

ಈಗ ಹೇಳಿ, ಇಷ್ಟೆಲ್ಲ ನೋಡಿದವನು ರೇಡಿಯೊ ಹಚ್ಚಿದಾಗ ಅವನ ಕಿವಿಗೆ ಬಿದ್ದದ್ದು ಸಂಗೀತ ಮಾತ್ರವೇ?

ಮಂದ್ರಸಪ್ತಕ

ಅದೇ ನನ್ನ ತಕರಾರು ಸರ್. ಕೇಳುವ ಮೊದಲೇ ಮೆಚ್ಚಲು ತಯಾರಾಗಿದ್ದರು. ಆಗ ಅಮೆರಿಕಕ್ಕೆ ರಷ್ಯಾ ಮಿತ್ರದೇಶ. ಚಪ್ಪಾಳೆ ಕೆಂಪು ಸೇನೆಗೆ ಸಿಕ್ಕಿದ್ದು. 1945ರ ನಂತರ ಸ್ನೇಹ ಮುರಿಯಿತು, ಚಪ್ಪಾಳೆಯೂ ನಿಂತಿತು. ಲೆಕ್ಕ ಇಷ್ಟೇ.

ಹಳೇ ರೆಕಾರ್ಡು

ಅಷ್ಟು ಸಲೀಸಲ್ಲ. ಬೈಗುಳ ಶೀತಲ ಸಮರಕ್ಕೆ ಕಾಯಲಿಲ್ಲ. 1942ರಲ್ಲೇ ವರ್ಜಿಲ್ ಥಾಮ್ಸನ್ ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್‌ನಲ್ಲಿ ಬರೆದದ್ದು ಓದಿ. ಮಂದಬುದ್ಧಿಯವರಿಗೆ, ಸಂಗೀತದ ಗಂಧ ಅಷ್ಟಾಗಿ ಇಲ್ಲದವರಿಗೆ, ಗಮನ ಎಲ್ಲೋ ಇಟ್ಟವರಿಗೆ ಬರೆದಂತಿದೆ ಅನ್ನುವ ಅರ್ಥದ ಮಾತು. ರಷ್ಯಾ ಇನ್ನೂ ಮಿತ್ರನಾಗಿದ್ದಾಗಲೇ! ಥಾಮ್ಸನ್ ಸ್ವತಃ ಸಂಯೋಜಕರು. ಅವರ ಕೋಪ ಇದ್ದದ್ದು ಕೃತಿಯನ್ನು ಕಟ್ಟಿದ ರೀತಿಯ ಮೇಲೆ.

ಇನ್ನು ಹಂಗೇರಿಯ ಸಂಯೋಜಕ ಬಾರ್ಟೋಕ್. ಆಗ ನ್ಯೂಯಾರ್ಕ್‌ನಲ್ಲಿ ಕಾಯಿಲೆ ಬಿದ್ದು ಕಷ್ಟದಲ್ಲಿದ್ದರು. ತೊಸ್ಕನೀನಿ ಪ್ರಸಾರವನ್ನು ಕೇಳಿ ಸಿಟ್ಟಾದರು ಅಂತ ಅವರ ಮಗನೇ ನೆನಪಿಸಿಕೊಂಡಿದ್ದಾರೆ. 1943ರಲ್ಲಿ ಬರೆದ ಕಾನ್ಸರ್ಟೊ ಫಾರ್ ಆರ್ಕೆಸ್ಟ್ರಾದ ನಾಲ್ಕನೇ ಭಾಗದಲ್ಲಿ ಈ ಸಿಂಫನಿಯ ಮೊದಲ ಭಾಗದ ಮಾರ್ಚ್ (ಸೈನಿಕರ ನಡಿಗೆಯ) ರಾಗವನ್ನು ಎಳೆದು ತಂದು, ಟ್ರಾಂಬೋನ್ ಕೈಲಿ ಗೇಲಿ ಮಾಡಿಸಿ, ಒದ್ದು ಓಡಿಸುತ್ತಾರೆ.

ತಾಳದವನು

ಆ ಮಾರ್ಚ್ ಬಗ್ಗೆ ಒಂದು ಮಾತು ಹೇಳಲೇಬೇಕು, ಇಡೀ ಜಗಳ ಇರುವುದು ಅಲ್ಲೇ.

ಮೊದಲ ಭಾಗದ ನಡುವೆ ಎಲ್ಲ ನಿಲ್ಲುತ್ತದೆ. ಸ್ನೇರ್ ಡ್ರಮ್ ಶುರುವಾಗುತ್ತದೆ, ಕೇಳಿಯೂ ಕೇಳದಷ್ಟು ಮೆಲ್ಲಗೆ. ಅದರ ಮೇಲೆ ತಂತಿವಾದ್ಯದವರು ಬೆರಳಲ್ಲಿ ಮೀಟಿ, ಕಮಾನಿನ ಕಡ್ಡಿಯಿಂದ ತಟ್ಟಿ, ಒಂದು ಪೆದ್ದು ಪೆದ್ದಾದ ರಾಗ ನುಡಿಸುತ್ತಾರೆ. ಕೊಳಲಿಗೆ ಹೋಗುತ್ತದೆ. ಓಬೋ ಒಂದು ಸಾಲು ಹೇಳಿದರೆ ಬಸೂನ್ ಅದನ್ನೇ ಗಿಣಿಪಾಠ ಒಪ್ಪಿಸುತ್ತದೆ. ಆಮೇಲೆ ಹಿತ್ತಾಳೆ ವಾದ್ಯಗಳು. ಒಟ್ಟು 12 ಸಲ. ಹನ್ನೊಂದು ಹನ್ನೆರಡು ನಿಮಿಷ ಡ್ರಮ್‌ಗೆ ಅದೇ ಬಡಿತ, ಬಿಡುವಿಲ್ಲ. ಕೊನೆಕೊನೆಗೆ ಒಂದು ಡ್ರಮ್ ಸಾಲದು, ಇನ್ನೂ ಜನ ಸೇರುತ್ತಾರೆ.

ನಮ್ಮ ಕಛೇರಿ ಕೇಳಿದ ಕಿವಿಗೆ ಇದು ವಿಚಿತ್ರ. ನೆರವಲ್‌ನಲ್ಲಿ ಸಾಹಿತ್ಯದ ಸಾಲು ಅದೇ, ಆದರೆ ಪ್ರತಿ ಸುತ್ತಿಗೂ ಹೊಸ ಸಂಗತಿ ಹುಟ್ಟುತ್ತದೆ. ಇಲ್ಲಿ ಏನೂ ಹುಟ್ಟುವುದಿಲ್ಲ. ರಾಗಕ್ಕೆ ಬುದ್ಧಿ ಬೆಳೆಯುವುದಿಲ್ಲ, ಮೈ ಮಾತ್ರ ಬೆಳೆಯುತ್ತದೆ. ಥಾಮ್ಸನ್ ಇದನ್ನು ಸಂಯೋಜಕರ ಬಡತನ ಅಂದುಕೊಂಡರು. ನನಗೆ ಅದೇ ಭಯ ಹುಟ್ಟಿಸುವ ಉಪಾಯ ಅನಿಸುತ್ತದೆ.

ಒಂದೇ ರಾಗ ಮತ್ತೆ ಮತ್ತೆ ಬಂದು ಜೋರಾಗುವ ರಾವೆಲ್‌ರ ಬೊಲೆರೊ ಕದ್ದಿದ್ದಾರೆ ಅಂತ ಬೈಯುತ್ತಾರೆ ಅನ್ನುವುದೂ ಅವರಿಗೆ ಮೊದಲೇ ಗೊತ್ತಿತ್ತು. ಬೈದರೆ ಬೈಯಲಿ, ನನಗೆ ಯುದ್ಧ ಕೇಳಿಸುವುದು ಹೀಗೆ ಅಂತ ಗೆಳೆಯ ಗ್ಲಿಕ್‌ಮನ್ ಹತ್ತಿರ ಹೇಳಿದ್ದರಂತೆ.

ಚೆಲ್ಲೋಪ್ರಿಯ

ಗಿಣಿಪಾಠ! ಇನ್ನು ಆ ಬಸೂನ್ ಬಂದಾಗಲೆಲ್ಲ ನಗು ಬರುತ್ತದೆ ನನಗೆ 😄 ಅಂದ ಹಾಗೆ ಆ ರಾಗದಲ್ಲಿ ಲೆಹಾರ್ ಅವರ ಮೆರ್ರಿ ವಿಡೋ ಅನ್ನುವ ಅಪೆರೆಟ್ಟಾದ (ಹಗುರ ಸಂಗೀತ ನಾಟಕದ) ತುಣುಕು ಇದೆ ಅಂತಾರಲ್ಲ?

ಹಳೇ ರೆಕಾರ್ಡು

ಇದೆ. ಮ್ಯಾಕ್ಸಿಮ್ ಹೋಟೆಲಿಗೆ ಹೊರಟೆ ಅಂತ ಹಾಡುವ ಸಾಲಿನ ಇಳಿಯುವ ಸ್ವರಗಳು. ಆ ಅಪೆರೆಟ್ಟಾ ಹಿಟ್ಲರನಿಗೆ ಅಚ್ಚುಮೆಚ್ಚು. ಇನ್ನೊಂದು ಕಡೆ ಶೋಸ್ತಕೋವಿಚ್ ಮಗನ ಹೆಸರು ಮಕ್ಸಿಮ್! ಯಾವುದನ್ನು ಹಿಡಿದರೂ ಒಂದು ವ್ಯಾಖ್ಯಾನ ಕಟ್ಟಬಹುದು. ಬಾರ್ಟೋಕ್ ಗೇಲಿ ಮಾಡಿದ್ದು ಶೋಸ್ತಕೋವಿಚ್‌ರನ್ನೋ, ಇಬ್ಬರೂ ಸೇರಿ ಗೇಲಿ ಮಾಡಿದ್ದು ಲೆಹಾರ್‌ರನ್ನೋ ಅಂತ ಈಗಲೂ ವಾದ ಮಾಡುವವರಿದ್ದಾರೆ.

ಸುಧಾ ಟೀಚರ್

ನ್ಯೂಯಾರ್ಕು, ಲಂಡನ್ನು ಆಯಿತು. ಯಾವ ಊರಿನ ಹೆಸರಿಟ್ಟರೋ ಆ ಊರಿನವರು ಕೇಳಿದ್ದನ್ನು ಇಲ್ಲಿ ಒಬ್ಬರೂ ಹೇಳಲಿಲ್ಲವಲ್ಲ?

ಮುತ್ತಿಗೆಯ ಮೊದಲ ಚಳಿಗಾಲದಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಕಾರ್ಮಿಕರಲ್ಲದವರಿಗೆ ದಿನಕ್ಕೆ ಸಿಗುತ್ತಿದ್ದ ಬ್ರೆಡ್ 125 ಗ್ರಾಂ. ಅದರಲ್ಲೂ ಹೊಟ್ಟು, ಕಲಬೆರಕೆ. ಹಸಿವಿಗೆ ಸತ್ತವರು ಲಕ್ಷಗಟ್ಟಲೆ. ಊರಲ್ಲಿ ಉಳಿದಿದ್ದ ವಾದ್ಯವೃಂದ ರೇಡಿಯೊದವರದು ಒಂದೇ. ಅದರ ಕಂಡಕ್ಟರ್ ಕಾರ್ಲ್ ಎಲಿಯಾಸ್‌ಬರ್ಗ್. 1942ರ ವಸಂತದಲ್ಲಿ ಮೊದಲ ತಾಲೀಮಿಗೆ ಬರಲು ಶಕ್ತಿ ಇದ್ದವರು ಸುಮಾರು ಹದಿನೈದು ಜನ. ತಾಲೀಮು ಕಾಲು ಗಂಟೆಗೇ ನಿಂತಿತು. ಊದುವವರಿಗೆ ಉಸಿರು ಸಾಲದು, ತುಟಿ ಹಿಡಿಯದು. ಈ ಸಿಂಫನಿಗೆ ಬೇಕಾದದ್ದೋ ಎಂಟು ಹಾರ್ನ್, ಆರು ಟ್ರಂಪೆಟ್, ಆರು ಟ್ರಾಂಬೋನ್! ಕೊನೆಗೆ ಸೇನೆಯ ಬ್ಯಾಂಡುಗಳಿಂದ ಸೈನಿಕರನ್ನು ಕಳಿಸಿದರು, ವಾದಕರಿಗೆ ಒಂದಿಷ್ಟು ಹೆಚ್ಚಿನ ಪಡಿತರ ಕೊಟ್ಟರು.

ಓಬೋ ನುಡಿಸುತ್ತಿದ್ದ ಕ್ಸೇನಿಯಾ ಮಾತುಸ್ ಹೇಳಿದ್ದು ಕೇಳಿ. ಅವರ ಓಬೋ ಹಾಳಾಗಿತ್ತು. ರಿಪೇರಿಯವನ ಹತ್ತಿರ ಒಯ್ದರು. ಎಷ್ಟು ಕೊಡಬೇಕು ಅಂದರೆ ಅವನು ದುಡ್ಡು ಕೇಳಲಿಲ್ಲ, ಒಂದು ಬೆಕ್ಕು ತಂದುಕೊಡಿ ಅಂದ. ತಿನ್ನಲು.

ಆಗಸ್ಟ್ 9ರಂದು ಫಿಲ್‌ಹಾರ್ಮೋನಿಕ್ ಸಭಾಂಗಣದಲ್ಲಿ ಕಛೇರಿ. ಆ ಹೊತ್ತಲ್ಲಿ ಶೆಲ್ ಬೀಳಬಾರದು ಅಂತ ಜನರಲ್ ಗೋವೊರೊವ್ ಮೊದಲೇ ಜರ್ಮನ್ ಫಿರಂಗಿಗಳ ಮೇಲೆ ದಾಳಿ ಮಾಡಿಸಿ ಬಾಯಿ ಮುಚ್ಚಿಸಿದ್ದರು. ಊರಿನ ಧ್ವನಿವರ್ಧಕಗಳಲ್ಲಿ ಸಿಂಫನಿ ಬಿತ್ತರವಾಯಿತು, ಆಚೆ ಬದಿಯ ಕಂದಕಗಳಿಗೂ ಕೇಳಿಸಿತು. ಈ ಸಭೆಯಲ್ಲಿ ಕೂತವರು ಮಾರ್ಚ್ ರಾಗ ಬೊಲೆರೊದ ನಕಲೋ ಅಲ್ಲವೋ ಅಂತ ಲೆಕ್ಕ ಹಾಕಿರುತ್ತಾರಾ?

ಮಂದ್ರಸಪ್ತಕ

ಮೇಡಂ, ಓದಿ ಹೊಟ್ಟೆ ತೊಳೆಸಿತು. ಅವರ ಧೈರ್ಯಕ್ಕೆ ಕೈಮುಗಿಯುತ್ತೇನೆ. ಆದರೂ ಕೇಳುತ್ತೇನೆ, ನುಡಿಸಿದವರ ಹಸಿವು ಕೃತಿಯ ಗುಣಕ್ಕೆ ಸಾಕ್ಷಿ ಆಗುತ್ತದಾ? ಅವತ್ತು ಅಲ್ಲಿ ಚೈಕೋವ್‌ಸ್ಕಿ ನುಡಿಸಿದ್ದರೂ ಜನ ಅಳುತ್ತಿದ್ದರು.

ಸುಧಾ ಟೀಚರ್

ಅತ್ತಿರಬಹುದು. ಆದರೆ ಚೈಕೋವ್‌ಸ್ಕಿಯಲ್ಲಿ ಅವರ ಆ ವರ್ಷ ಇರುತ್ತಿರಲಿಲ್ಲ. ಮಾರ್ಚ್ ಮುಗಿದು ಎಲ್ಲ ಕುಸಿದ ಮೇಲೆ ಬಸೂನ್ ಒಂದೇ ಉದ್ದಕ್ಕೆ ಹಾಡಿಕೊಳ್ಳುತ್ತದಲ್ಲ, ಅದು ಸತ್ತವರಿಗೆ ಅಂತ ಬರೆದದ್ದು. ಸಭೆಯಲ್ಲಿದ್ದವರ ಮನೆಮನೆಯಲ್ಲೂ ಸಾವಾಗಿತ್ತು. ಕೃತಿಯನ್ನು ಅದರ ಸಂದರ್ಭದಿಂದ ಬಿಡಿಸಿ ತೂಗಬೇಕು ಅನ್ನುವ ನಿಯಮ ಯಾರು ಮಾಡಿದ್ದು?

ಬರ್ಲಿನ್ ಕನ್ನಡಿಗ

ಟೀಚರ್ ಮಾತಿಗೆ ಒಂದು ಸೇರಿಸುತ್ತೇನೆ. 1964ರ ಜನವರಿ 27ರಂದು, ಮುತ್ತಿಗೆ ಪೂರ್ತಿ ತೆರವಾಗಿ 20 ವರ್ಷ ತುಂಬಿದ ದಿನ, ಎಲಿಯಾಸ್‌ಬರ್ಗ್ ಅದೇ ಸಭಾಂಗಣದಲ್ಲಿ, ಬದುಕಿ ಉಳಿದಿದ್ದ ಅದೇ ವಾದಕರನ್ನು ಕೂರಿಸಿಕೊಂಡು ಮತ್ತೆ ನುಡಿಸಿದರು. ಶೋಸ್ತಕೋವಿಚ್ ಕೂಡ ಬಂದಿದ್ದರು. ಪಶ್ಚಿಮದಲ್ಲಿ ಆಗ ಈ ಕೃತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಅದೇ ವರ್ಷ, ಅದೇ ಸಿಂಫನಿ, ಎರಡು ಊರಲ್ಲಿ ಎರಡು ಹಣೆಬರಹ. ಕಾಲ ಬದಲಾದಂತೆ ಅಭಿಪ್ರಾಯ ಬದಲಾಯಿತು ಅಂತ ಸುಮ್ನೆ ಹೇಳಿಬಿಡುತ್ತೇವೆ. ಯಾವ ಊರಲ್ಲಿ ಅಂತ ಕೇಳುವುದಿಲ್ಲ.

ಅರಮನೆ ರಸ್ತೆ

ಪಶ್ಚಿಮದ ಬೆಲೆ ಅಂದಿರಲ್ಲ, ಸ್ವಲ್ಪ ಹಳಿ ತಪ್ಪಿಸುತ್ತೇನೆ, ಬೈಯಬೇಡಿ. ಶೋಸ್ತಕೋವಿಚ್ ಮುಖಪುಟದಲ್ಲಿ ಮೆರೆಯುತ್ತಿದ್ದ ಕಾಲದಲ್ಲೇ ಲಂಡನ್‌ನಲ್ಲಿ ಇನ್ನೊಬ್ಬ ರಷ್ಯನ್ ಸಂಯೋಜಕರಿದ್ದರು, ನಿಕೊಲಾಯ್ ಮೆಟ್ನರ್. ಕೇಳುವವರಿಲ್ಲ, ಕೈಯಲ್ಲಿ ಕಾಸಿಲ್ಲ. ಅವರ ಕೃತಿಗಳನ್ನು ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟವರು ನಮ್ಮ ಜಯಚಾಮರಾಜೇಂದ್ರ ಒಡೆಯರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಮಹಾರಾಜರಿಗೇ ಅರ್ಪಿಸಿದರು. ಒಬ್ಬರ ಹಿಂದೆ ಇಡೀ ಯುದ್ಧ ನಿಂತಿತ್ತು, ಇನ್ನೊಬ್ಬರ ಹಿಂದೆ ಮೈಸೂರಿನ ಒಬ್ಬ ರಸಿಕ.

ಹಳೇ ರೆಕಾರ್ಡು

ಮೆಟ್ನರ್‌ಗೆ ಬೇರೆ ಥ್ರೆಡ್ ತೆರೆಯಿರಿ ಗುರುಗಳೇ, ನಾನೇ ಮೊದಲು ಬರುತ್ತೇನೆ. ಈಗ 1979ಕ್ಕೆ ಹೋಗೋಣ.

ಶೋಸ್ತಕೋವಿಚ್ ತೀರಿಕೊಂಡದ್ದು 1975ರಲ್ಲಿ. ನಾಲ್ಕು ವರ್ಷದ ಮೇಲೆ ಸೊಲೊಮನ್ ವೊಲ್ಕೊವ್ ಅಮೆರಿಕದಲ್ಲಿ ಟೆಸ್ಟಿಮನಿ ಅನ್ನುವ ಪುಸ್ತಕ ತಂದರು. ಶೋಸ್ತಕೋವಿಚ್ ತಮಗೆ ಹೇಳಿ ಬರೆಸಿದ ನೆನಪುಗಳು ಅಂದರು. ಅದರಲ್ಲಿ 7ನೇ ಸಿಂಫನಿಯ ಕಥೆ ತಲೆಕೆಳಗು. ಯುದ್ಧಕ್ಕೆ ಮೊದಲೇ ಯೋಚಿಸಿದ ಕೃತಿ ಅಂತೆ. ಅಳುತ್ತಿರುವುದು ಸ್ಟಾಲಿನ್ ನಾಶ ಮಾಡಿದ ಲೆನಿನ್‌ಗ್ರಾಡ್‌ಗಾಗಿ, ಹಿಟ್ಲರ್ ಉಳಿದದ್ದನ್ನು ಮುಗಿಸಿದನಂತೆ. ಅಲ್ಲಿಂದ ಮುಂದೆ ವಿಮರ್ಶಕರಿಗೆ ಆ ಮಾರ್ಚ್‌ನಲ್ಲಿ ಜರ್ಮನ್ ಟ್ಯಾಂಕ್ ಹೋಗಿ, ರಾತ್ರಿ ಬಾಗಿಲು ತಟ್ಟುವ ಗುಪ್ತ ಪೊಲೀಸರು ಕೇಳಿಸತೊಡಗಿದರು. ಹಿಂದೆ ಇದು ಬರೀ ಸದ್ದು ಅಂತ ತಳ್ಳಿದ್ದವರ ಬಳಗದಲ್ಲೇ ಈಗ ವ್ಯಂಗ್ಯ, ಸಂಕೇತ, ಮುಖವಾಡ ಅನ್ನುವ ಮಾತುಗಳು.

ಮಂದ್ರಸಪ್ತಕ

ಆ ಪುಸ್ತಕವನ್ನು ನಂಬಿ ಕೂತರೆ ಕಷ್ಟ. 1980ರಲ್ಲೇ ಸಂಗೀತ ಸಂಶೋಧಕಿ ಲಾರೆಲ್ ಫೇ ಅದರ ಬುಡ ಅಲ್ಲಾಡಿಸಿದರು. ಶೋಸ್ತಕೋವಿಚ್ ಓದಿ ಸಹಿ ಹಾಕಿದ್ದಾರೆ ಅಂತ ವೊಲ್ಕೊವ್ ಹೇಳಿದ ಅಧ್ಯಾಯಗಳಲ್ಲಿ, ಹಳೆಯ ಸೋವಿಯೆತ್ ಪತ್ರಿಕೆಗಳಲ್ಲಿ ಆಗಲೇ ಅಚ್ಚಾಗಿದ್ದ ಲೇಖನಗಳ ಭಾಗಗಳು ಹಾಗೆ ಹಾಗೇ ಕೂತಿದ್ದವು. ಮಾತಾಡಿ ಬರೆಸಿದ್ದು ಅಂದರೆ ಪದಕ್ಕೆ ಪದ ಹೇಗೆ ಬರುತ್ತದೆ? ಅಷ್ಟು ದೊಡ್ಡ ಪುಸ್ತಕ ಆಗುವಷ್ಟು ಅವರಿಬ್ಬರೂ ಭೇಟಿಯೇ ಆಗಿಲ್ಲ ಅಂತ ಹೆಂಡತಿ ಇರೀನಾ ಕೂಡ ಹೇಳಿದರು.

ನನ್ನ ಅನುಮಾನ ಇದು. 1942ರಲ್ಲಿ ಪಶ್ಚಿಮಕ್ಕೆ ಹಿಟ್ಲರ್ ವಿರುದ್ಧದ ಸಿಂಫನಿ ಬೇಕಿತ್ತು, ಸಿಕ್ಕಿತು. 1980ರಲ್ಲಿ ಸೋವಿಯೆತ್ ವಿರುದ್ಧದ ಸಿಂಫನಿ ಬೇಕಿತ್ತು, ಅದೂ ಸಿಕ್ಕಿತು. ಎರಡು ಸಲವೂ ಸಂಗೀತ ಕೇಳಿದವರು ಕಮ್ಮಿ.

ಹಳೇ ರೆಕಾರ್ಡು

ಪುಸ್ತಕದ ವಿಷಯದಲ್ಲಿ ನಿಮ್ಮ ಜೊತೆಗಿದ್ದೇನೆ. ಆದರೆ ಸ್ಟಾಲಿನ್ ಭಯ ಪುಸ್ತಕದಿಂದ ಹುಟ್ಟಿದ್ದಲ್ಲ ಅಲ್ವಾ? 1936ರಲ್ಲಿ ಪಕ್ಷದ ಪತ್ರಿಕೆ ಪ್ರಾವ್ದಾ ಶೋಸ್ತಕೋವಿಚ್ ಅವರ ಆಪೆರಾವನ್ನು ಗೊಂದಲ ಅಂತ ಹರಿದುಹಾಕಿತ್ತು. 1948ರಲ್ಲಿ ಪಕ್ಷದ ನಾಯಕ ಝ್ದಾನೊವ್ ಕಾಲದ ನಿರ್ಣಯ ಮತ್ತೆ ಬಡಿಯಿತು. ಅದೇ ಸರ್ಕಾರ 1942ರಲ್ಲಿ ಈ 7ನೆಯದಕ್ಕೆ ಸ್ಟಾಲಿನ್ ಪ್ರಶಸ್ತಿ ಕೊಟ್ಟಿತ್ತು. ಮರುವರ್ಷ ಬರೆದ 8ನೇ ಸಿಂಫನಿಯಲ್ಲಿ ಗೆಲುವಿನ ಕಹಳೆ ಇಲ್ಲ ಅಂತ ವರ್ಷಗಟ್ಟಲೆ ಮೂಲೆಗೆ ತಳ್ಳಿದರು. ಇಂಥ ಊರಲ್ಲಿ ಬದುಕಿದವನು ಬರೆದ ಮಾರ್ಚ್‌ನಲ್ಲಿ ಒಂದೇ ಶತ್ರು ಇರಬೇಕು ಅಂತ ಏನಿದೆ? ಫ್ಯಾಸಿಸಂ ಅಂದರೆ ಹಿಟ್ಲರನದ್ದು ಮಾತ್ರ ಅಲ್ಲ ಅನ್ನುವ ಅರ್ಥದಲ್ಲಿ ಅವರು ಆಪ್ತರ ಹತ್ತಿರ ಮಾತಾಡಿದ್ದನ್ನು ಗೆಳತಿ ಫ್ಲೋರಾ ಲಿತ್ವಿನೊವಾ ನೆನಪಿಸಿಕೊಂಡಿದ್ದಾರೆ. ಅದಕ್ಕೆ ವೊಲ್ಕೊವ್ ಬೇಕಿಲ್ಲ.

ಬರ್ಲಿನ್ ಕನ್ನಡಿಗ

ಇನ್ನೂ ಹತ್ತಿರದ ಕಾಲಕ್ಕೆ ಬನ್ನಿ. 2008ರ ಆಗಸ್ಟ್‌ನಲ್ಲಿ ಜಾರ್ಜಿಯಾ ಯುದ್ಧ ಮುಗಿದು ಕೆಲವೇ ದಿನಕ್ಕೆ, ದಕ್ಷಿಣ ಒಸ್ಸೆಟಿಯಾದ ತ್ಸ್ಖಿನ್ವಾಲಿಯಲ್ಲಿ, ಮುರಿದುಬಿದ್ದ ಸಂಸತ್ ಕಟ್ಟಡದ ಎದುರು ರಷ್ಯಾದ ಕಂಡಕ್ಟರ್ ಗೆರ್ಗಿಯೆವ್ ಮಾರಿನ್‌ಸ್ಕಿ ವಾದ್ಯವೃಂದ ತಂದು ಇದೇ ಸಿಂಫನಿಯನ್ನು ನುಡಿಸಿದರು. ಅಲ್ಲಿ ಮುತ್ತಿಗೆ ಹಾಕಿದವರು ಜಾರ್ಜಿಯದವರು ಅಂತ ಲೆಕ್ಕ. ಗೆರ್ಗಿಯೆವ್ ಸ್ವತಃ ಒಸ್ಸೆಟಿಯನ್ ಮೂಲದವರು, ಅವರ ಸಂಕಟ ಸುಳ್ಳಲ್ಲ. ಆದರೆ ಕ್ಯಾಮೆರಾ ಮುಂದೆ ಅದು ರಷ್ಯಾದ ಪರ ವಾದವೂ ಆಯಿತು. 2022ರಲ್ಲಿ ಉಕ್ರೇನ್ ಮೇಲಿನ ದಾಳಿಯನ್ನು ಖಂಡಿಸಲಿಲ್ಲ ಅಂತ ಮ್ಯೂನಿಕ್ ನಗರ ಅದೇ ಗೆರ್ಗಿಯೆವ್‌ರನ್ನು ತನ್ನ ವಾದ್ಯವೃಂದದ ಕೆಲಸದಿಂದ ತೆಗೆಯಿತು.

ಆಮೇಲೆ ಇಲ್ಲಿ ಈ ಮಾರ್ಚ್ ಕೇಳುವವರಿಗೆ ಟ್ಯಾಂಕ್ ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹೋಗುತ್ತಿದೆ ಅನ್ನುವ ಚಿತ್ರವೇ ಬದಲಾಗಿದೆ. ನನಗಂತೂ ಬದಲಾಗಿದೆ.

ತಾಳದವನು

ಇದನ್ನೇ ಹೇಳಬೇಕು ಅಂತಿದ್ದೆ. ಆ ರಾಗದಲ್ಲಿ ಯಾರ ಗುರುತೂ ಇಲ್ಲ. ಜರ್ಮನ್ ಅಂತಲೂ ಇಲ್ಲ, ರಷ್ಯನ್ ಅಂತಲೂ ಇಲ್ಲ, ಬೀದಿಯಲ್ಲಿ ಸಿಳ್ಳೆ ಹಾಕುವ ರಾಗ. ಅದಕ್ಕೇ ಯಾರ ತಲೆಗೆ ಬೇಕಾದರೂ ಟೋಪಿ ಕೂರುತ್ತದೆ.

ಚೆಲ್ಲೋಪ್ರಿಯ

ಅಂದರೆ ಶತ್ರು ಯಾರು ಅನ್ನುವುದು ಬದಲಾದಂತೆ ಕೃತಿಯೂ ಬದಲಾಯಿತು ಅನ್ನಬಹುದಾ?

ವಯೋಲಾ ಅಜ್ಜಿ

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ, ಈಗ ತಡೆಯಲಾಗುತ್ತಿಲ್ಲ. ಮಕ್ಕಳಾ, ಈ ಸಿಂಫನಿ 75 ನಿಮಿಷದ್ದು. ನೀವೆಲ್ಲ ಬಡಿದಾಡುತ್ತಿರುವುದು ಹನ್ನೆರಡು ನಿಮಿಷಕ್ಕೆ! ಥಾಮ್ಸನ್ನು, ಬಾರ್ಟೋಕು, ವೊಲ್ಕೊವು ಎಲ್ಲರದ್ದೂ ಅದೇ ಕಥೆ. 80 ವರ್ಷದಿಂದ ಜನ ಹೊಗಳಿದ್ದೂ ಬೈದದ್ದೂ ಒಂದು ಡ್ರಮ್ಮನ್ನು.

ಮೂರನೇ ಭಾಗ ಯಾರಾದರೂ ಕೇಳಿದಿರಾ? ಅಡಾಜಿಯೊ, ಅಂದರೆ ನಿಧಾನಗತಿಯದು. ಊದುವ ವಾದ್ಯಗಳು, ಹಾರ್ಪ್ ಸೇರಿ ಪ್ರಾರ್ಥನೆಯ ಹಾಗೆ ಶುರು ಮಾಡುತ್ತವೆ, ಆದರೆ ಒಳಗೆಲ್ಲ ಒರಟು. ತಕ್ಷಣ ವಯೊಲಿನ್‌ಗಳು ಒಟ್ಟಾಗಿ ಒಂದು ಉದ್ದ ಮಾತು, ಹಾಡಲ್ಲ ಅದು, ಮಾತೇ. ಆಮೇಲೆ ಕೊಳಲು ಒಂದೇ. ಕೆಳಗೆ ತಂತಿ ಮೀಟುವ ಸದ್ದು ಬಿಟ್ಟರೆ ಜೊತೆಗೆ ಹೆಚ್ಚೇನೂ ಇಲ್ಲ. ನಡುವೆ ಒಂದು ಬಿರುಗಾಳಿ ಬಂದು ಹೋದ ಮೇಲೆ ಅದೇ ಕೊಳಲಿನ ರಾಗ ವಯೋಲಾಗಳಿಗೆ ಬರುತ್ತದೆ. ನಾನು ವಯೋಲಾ ನುಡಿಸುತ್ತಿದ್ದವಳು ಅಂತ ಹೇಳುತ್ತಿಲ್ಲ (ಸ್ವಲ್ಪ ಅದಕ್ಕೂ ಇದೆ), ಇಡೀ ಕೃತಿಯಲ್ಲಿ ಅವರು ಊರನ್ನು ನಿಜವಾಗಿ ಕಂಡದ್ದು ಇಲ್ಲಿ.

ಭಾಗಗಳಿಗೆ ಯುದ್ಧ, ನೆನಪು, ತಾಯ್ನಾಡಿನ ಬಯಲು, ಗೆಲುವು ಅಂತ ಮೊದಲು ಹೆಸರು ಇಡಲು ಹೊರಟಿದ್ದರು. ಆಮೇಲೆ ತೆಗೆದುಹಾಕಿದರು. ತೆಗೆದದ್ದು ಒಳ್ಳೆಯದೇ ಆಯಿತು. ಆದರೂ ಕೇಳುವವರು ಮೊದಲನೆಯ ಹೆಸರನ್ನು ಬಿಡಲೊಲ್ಲರು.

ಮಂದ್ರಸಪ್ತಕ

ಅಜ್ಜಿ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅಡಾಜಿಯೊ ಬಗ್ಗೆ ಒಬ್ಬರೂ ಜಗಳ ಆಡಿದ್ದು ನೋಡಿಲ್ಲ. ಯಾರ ವಾದಕ್ಕೂ ಅದರಿಂದ ಉಪಯೋಗ ಇಲ್ಲವಲ್ಲ.

ಹಳೇ ರೆಕಾರ್ಡು

ಒಪ್ಪುತ್ತೇನೆ. ಇನ್ನೊಂದು ಬದಲಾವಣೆ ಇದೆ, ವಿಮರ್ಶಕರು ಜಾಸ್ತಿ ಮಾತಾಡದ್ದು: ನುಡಿಸುವ ರೀತಿ. 1942ರ ತೊಸ್ಕನೀನಿ ಪ್ರಸಾರದ ಧ್ವನಿಮುದ್ರಣ ಕೇಳಿ. ಬಿಗಿ, ಅವಸರ, ಸುದ್ದಿ ಓದಿದ ಹಾಗೆ. ಆಮೇಲೆ 1988ರಲ್ಲಿ ಷಿಕಾಗೊದಲ್ಲಿ ಬರ್ನ್‌ಸ್ಟೈನ್ ನುಡಿಸಿದ್ದು ಕೇಳಿ. ಸುಮಾರು 85 ನಿಮಿಷ! ಇಬ್ಬರ ನಡುವೆ ಹತ್ತು ನಿಮಿಷಕ್ಕೂ ಜಾಸ್ತಿ ಅಂತರ. ಬರ್ನ್‌ಸ್ಟೈನ್‌ನಲ್ಲಿ ಅಡಾಜಿಯೊ ಇಡೀ ಸಿಂಫನಿಯ ನಡುಮನೆ ಆಗುತ್ತದೆ. ಅಂತ್ಯದ ಆ ಸಿ ಮೇಜರ್ ಅಬ್ಬರವೂ ಗೆದ್ದವರ ಕೂಗಿನಂತೆ ಕೇಳಿಸುವುದಿಲ್ಲ. ಸುಸ್ತಾದವರು ಎದ್ದು ನಿಂತ ಹಾಗಿದೆ. ಕೃತಿಯ ಮಾನ ಉಳಿಸಿದ್ದರಲ್ಲಿ ವೊಲ್ಕೊವ್ ಪುಸ್ತಕಕ್ಕಿಂತ ಇಂಥ ಧ್ವನಿಮುದ್ರಣಗಳ ಪಾಲು ದೊಡ್ಡದು ಅಂತ ನನ್ನ ನಂಬಿಕೆ.

ತಾಳದವನು

ಬರ್ನ್‌ಸ್ಟೈನ್ ತೀರಾ ಎಳೆಯುತ್ತಾರೆ ಸರ್. ಆ ವೇಗದಲ್ಲಿ ಸ್ನೇರ್ ಬಡಿಯುವವನ ಗತಿ ಏನು ಅಂತ ಯಾರಾದರೂ ಯೋಚಿಸಿದ್ದೀರಾ?

ವಯೋಲಾ ಅಜ್ಜಿ

ಮತ್ತೆ ಡ್ರಮ್ಮಿಗೇ ಬಂದಿರಲ್ಲಪ್ಪಾ!

ಚೆಲ್ಲೋಪ್ರಿಯ

😄 ಈ ವಾರ ತೊಸ್ಕನೀನಿ, ಬರ್ನ್‌ಸ್ಟೈನ್ ಎರಡನ್ನೂ ಕೇಳುತ್ತೇನೆ. ಅಜ್ಜಿ, ಮೂರನೇ ಭಾಗದಿಂದಲೇ ಶುರು ಮಾಡುತ್ತೇನೆ. ಅಡಾಜಿಯೊ ಚೆನ್ನಾಗಿ ನುಡಿಸಿರುವ ಬೇರೆ ಧ್ವನಿಮುದ್ರಣ ಗೊತ್ತಿದ್ದವರು ಇಲ್ಲೇ ಹಾಕಿ.